ಐರಿಸ್ ಹಾಡಿಗೆ ನಾನು ಹಚ್ಚಿದ ಕುಂಕುಮ

ಹಿಲ್ಸ್‌ಬರೋ, ಆಕ್ಲೆಂಡ್
೩೧ ಜುಲೈ ೨೦೦೬, ಸೋಮವಾರ

ಬೇಲಿಯಾಚೆಯ ನೋಲೀನ್ ಅಕ್ಕನಿಗೆ, ಬೇಲಿಯೀಚೆಯ ಗಂಗವ್ವನ ಶರಣು ಶರಣಾರ್ಥಿ.

ಇವತ್ತು ಶ್ರಾವಣದ ಮೊದಲ ಸೋಮವಾರ, ನನ್ನದು ಉಪವಾಸ. ಐದಕ್ಕೆ ಎದ್ದು ಅಡುಗೆಮನೆ ಒರೆಸಿ, ಸ್ನಾನ ಮಾಡಿ, ಮಗನಿಗೂ ಸೊಸೆಗೂ ಡಬ್ಬಿ ಕಟ್ಟಿ, ನಮ್ಮ ಮನೆಯವರಿಗೆ ಉಪ್ಪಿಟ್ಟು ಮಾಡಿ ಮುಚ್ಚಿಟ್ಟು, ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದೆ. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬೇಲಿಯ ಗೂಟದ ಮೇಲೆ ಒಂದು ಐಸ್‌ಕ್ರೀಮ್ ಡಬ್ಬಿ ಕೂತಿತ್ತು. ಮುಚ್ಚಳ ತೆಗೆದೆ. ಒದ್ದೆ ಕಾಗದದಲ್ಲಿ ಸುತ್ತಿದ ಹನ್ನೊಂದು ಬಿಳಿ ಕೆಮೀಲಿಯಾ ಹೂ!

ಒಂಬತ್ತು ದಿನದಿಂದ ನನ್ನ ಜೊತೆ ಮಾತು ಬಿಟ್ಟವಳು ನೀನು. ಆದರೆ ನನ್ನ ಸೋಮವಾರ ಮರೆತಿಲ್ಲ. ಆ ಹೂ ಲಿಂಗಕ್ಕೆ ಏರಿಸುವಾಗ ಕಣ್ಣು ತುಂಬಿ ಮಂತ್ರ ಎರಡು ಸಲ ತಪ್ಪಿತು. ಶಿವ ಏನೂ ಅನ್ನಲಿಲ್ಲ. ಅವನಿಗೆ ಹೂ ಸಿಕ್ಕ ಸಂತೋಷ ಇರಬೇಕು.

ಹೂ ಕೊಟ್ಟವಳಿಗೆ ಖಾಲಿ ಡಬ್ಬಿ ವಾಪಸು ಮಾಡಬಾರದು. ಅದಕ್ಕೆ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇಟ್ಟಿದ್ದೇನೆ, ಮೇಲೆ ಈ ಪತ್ರ. ಏಳನೆಯ ಇಯತ್ತೆಯವರೆಗೆ ನಮ್ಮೂರ ಶಾಲೆಯಲ್ಲಿ ಕಲಿತ ಕನ್ನಡ ಬಿಟ್ಟು ನನಗೆ ಬೇರೆ ಬರೆಯಲು ಬಾರದು. ಸಂಜೆ ನಮ್ಮ ಸೊಸೆ ರಚನಾ ಆಲ್ಬನಿಯಿಂದ ಕೆಲಸ ಮುಗಿಸಿ ಬಂದು, ನಿನ್ನ ಮುಂದೆ ಕೂತು ಇದನ್ನು ಇಂಗ್ಲೀಷಿನಲ್ಲಿ ಓದುತ್ತಾಳೆ. ಒಂದು ಮಾತನ್ನೂ ಬಿಡಬಾರದು, ನಾನು ಬೈಸಿಕೊಳ್ಳುವ ಜಾಗದಲ್ಲಿ ನನ್ನ ಪರ ವಹಿಸಬಾರದು ಅಂತ ಆಣೆ ಹಾಕಿಸಿದ್ದೇನೆ.

ಆ ಹಾಡು ಕಟ್ಟಿದವರು ನಿನ್ನ ಗಂಡ. ಆದರೆ ಹಾಲ್ ತುಂಬ ಜನರೆದುರು ಅದನ್ನು ರಂಪ ಮಾಡಿದವಳು ನಾನು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ ಟ್ರೆವರ್ ಮಾಮಾ ಗ್ಯಾರೇಜಿನಲ್ಲಿ ಮಲಗುತ್ತಿದ್ದಾರೆ. ಅವರು ಒಳಗೆ ಬರಬೇಕು, ನೀನು ಬೇಲಿಗೆ ಅಡ್ಡ ನಿಲ್ಲಿಸಿದ ತಳ್ಳುಗಾಡಿ ಆಚೆ ಹೋಗಬೇಕು. ನನಗೆ ಬೇಕಾದದ್ದು ಇಷ್ಟೇ. ಇದು ಆಗದಿದ್ದರೆ ಉಪವಾಸ ಬಿಡಲು ಕೂತಾಗ ಅನ್ನ ಇಳಿಯುವುದಿಲ್ಲ.

ನಿನಗೆ ನೆನಪಿದೆಯೇ, ಎರಡು ವರ್ಷದ ಹಿಂದೆ ಈ ಮನೆಗೆ ಬಂದ ಹೊಸತರಲ್ಲಿ ಪೂಜೆಗೆ ಹೂ ಸಿಗದೆ ಒದ್ದಾಡುತ್ತಿದ್ದೆ. ಬೇಲಿಯ ಮೇಲಿಂದ ನಿನ್ನ ಗಿಡ ತೋರಿಸಿ, ಕೈ ಮುಗಿದು, ಕಣ್ಣು ಮುಚ್ಚಿ ನಿಂತೆ. ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ನೀನು ಮುಖ ಸಣ್ಣದು ಮಾಡಿ ಬುಟ್ಟಿ ತುಂಬ ಕಿತ್ತುಕೊಟ್ಟೆ, ಜೊತೆಗೊಂದು ಕೇಕೂ ಕೊಟ್ಟೆ. ಮರುದಿನ ಮತ್ತೆ ಬಂದು ಕೈ ಮುಗಿದೆ. ಮೂರನೆಯ ದಿನವೂ ಬಂದಾಗ, ಒಂದೇ ಮನೆಯಲ್ಲಿ ದಿನಕ್ಕೊಬ್ಬರು ಸಾಯುವುದುಂಟೇ ಎಂದು ನೀನು ಗಾಬರಿಯಾಗಿ ರಚನಾಳನ್ನು ಕೇಳಿದೆಯಂತೆ! ವಿಷಯ ತಿಳಿದ ಮೇಲೆ ನಾವಿಬ್ಬರೂ ಬೇಲಿ ಹಿಡಿದುಕೊಂಡು ನಕ್ಕೆವು. ಆ ವಾರವೇ ಟ್ರೆವರ್ ಮಾಮಾ ಬೇಲಿಯ ಎರಡು ಹಲಗೆ ಕಿತ್ತರು. ಸೀರೆ ಎತ್ತಿ ಹಿಡಿದು ಓರೆಯಾಗಿ ನುಸುಳಿದರೆ ನಾನು ನಿನ್ನ ಹಿತ್ತಲಿಗೆ ಬರುತ್ತಿದ್ದೆ.

ಅಲ್ಲಿಂದ ನಿಮ್ಮ ಮನೆಯ ದಿನಚರಿ ನನಗೂ ಪಾಠವಾಯಿತು. ಏಳು ಗಂಟೆಗೆ ಮಾಮಾ ಎರಡು ಕಪ್ ಚಹಾ ಹಿಡಿದು ಹಿಂಬಾಗಿಲ ಮೆಟ್ಟಿಲಿಗೆ ಬರುತ್ತಾರೆ. ಆಮೇಲೆ ಕೂಗು ಶುರು. "ನೋಲೀನ್!" ಕನ್ನಡಕ ಎಲ್ಲಿ ಅಂತ. "ನೋಲೀನ್!" ನೀರಿನ ಪೈಪು ಎಲ್ಲಿ ಅಂತ. "ನೋಲೀನ್!" ಸುಮ್ಮನೆ, ಆಕಾಶದಲ್ಲಿ ಕಾಮನಬಿಲ್ಲು ಬಂದಿದೆ ಅಂತ. ಮೊದಲ ದಿನ ಆ ಕೂಗು ಕೇಳಿ ಮನೆಗೆ ಬೆಂಕಿ ಬಿತ್ತೆಂದು ನಾನು ಕೊಡ ತುಂಬ ನೀರು ಹಿಡಿದು ಓಡಿ ಬಂದಿದ್ದೆನಲ್ಲ. ನೀವಿಬ್ಬರೂ ಕಾಮನಬಿಲ್ಲು ನೋಡುತ್ತಾ ನಿಂತಿದ್ದಿರಿ.

ಹೆಸರಿನ ಮಾತು ಬಂತು. ನನ್ನ ತಪ್ಪು ನಿನಗೆ ತಿಳಿಯಬೇಕಾದರೆ ನಮ್ಮ ಕಡೆ ಹೆಸರಿನ ಪದ್ಧತಿ ಹೇಗೆ ಎಂದು ತಿಳಿಯಬೇಕು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಆಯುಷ್ಯ ಕಡಿಮೆ ಎಂದು ದೊಡ್ಡವರು ಹೆದರಿಸಿದ್ದಾರೆ. ಗಂಡಸರೂ ಹೆಂಡತಿಯ ಹೆಸರು ಹಿಡಿದು ಕೂಗುವುದು ಅಪರೂಪ. ಹಾಗಾದರೆ ಹೆಸರನ್ನು ಯಾವಾಗ ಹೇಳುವುದು? ಒಡಪಿನಲ್ಲಿ. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಾದಿನಿಯರು ಅಡ್ಡ ನಿಲ್ಲುತ್ತಾರೆ. ಒಂದೆರಡು ಸಾಲಿನ ಪ್ರಾಸದ ಪದ ಕಟ್ಟಿ, ಅದರೊಳಗೆ ಜೋಡಿಯ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅದಕ್ಕೆ ಒಡಪು ಅನ್ನುತ್ತಾರೆ. ಗಂಡ ಹೇಳುವಾಗ ಹೆಂಡತಿ ತಲೆ ತಗ್ಗಿಸಿ ನಿಲ್ಲಬೇಕು, ಸುತ್ತ ನಿಂತವರು ಹೋ ಎಂದು ಕೂಗಬೇಕು. ನಾಲ್ಕು ಮಂದಿಯ ಮುಂದೆ ಗಂಡಸು ಒಂದು ಹೆಣ್ಣಿನ ಹೆಸರನ್ನು ಪದದಲ್ಲಿ ಹಾಕಿ ಹೇಳಿದನೆಂದರೆ ಆ ಹೆಣ್ಣು ಅವನ ಹೆಂಡತಿಯೇ. ಬೇರೆ ಯೋಚನೆಗೆ ಅಲ್ಲಿ ಜಾಗವೇ ಇಲ್ಲ.

ಇನ್ನೊಂದು. ನನ್ನ ತವರಿನ ಹೆಸರು ಚನ್ನವ್ವ. ಮದುವೆಯ ದಿನ ಅತ್ತೆಮನೆಯವರು ಗಂಗವ್ವ ಎಂದು ಹೊಸ ಹೆಸರಿಟ್ಟರು. ಹಾಗಾಗಿ ಒಬ್ಬ ಹೆಂಗಸಿಗೆ ಎರಡು ಹೆಸರಿರುವುದು ನನಗೆ ಆಶ್ಚರ್ಯವಲ್ಲ.

ಈಗ ಆ ಶನಿವಾರಕ್ಕೆ ಬಾ. ಹದಿನೈದು ದಿನಕ್ಕೊಮ್ಮೆ ನಿಮ್ಮ ಕಂಟ್ರಿ ಮ್ಯೂಸಿಕ್ ಕ್ಲಬ್ ಸೇರುವ ಹಾಲ್‌ಗೆ ನಮ್ಮನ್ನೂ ನಿಮ್ಮ ಹಿಂಬದಿ ತೆರೆದ ಯೂಟ್ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವ ರೂಢಿ ನಿಮ್ಮದೇ. ನನಗೆ ಆ ಹಾಲ್ ಇಷ್ಟ. ವಯಸ್ಸಾದವರೆಲ್ಲ ಟೋಪಿ ಹಾಕಿಕೊಂಡು ಮಧ್ಯಾಹ್ನದ ಹೊತ್ತಿಗೆ ಸೇರಿ, ಕುದುರೆ, ರೈಲು, ಕಳೆದುಹೋದ ನಾಯಿ, ತೀರಿಹೋದ ತಾಯಿ ಎಂದು ಹಾಡುತ್ತಾರೆ. ನಮ್ಮೂರ ಮಠದ ಭಜನೆಯ ಹಾಗೇ, ಧ್ವನಿ ಹೇಗಿದ್ದರೂ ಯಾರೂ ಎದ್ದು ಹೋಗು ಅನ್ನುವುದಿಲ್ಲ. ಹೋದ ತಿಂಗಳು ಲಾಟರಿ ಚೀಟಿಯಲ್ಲಿ ನಮ್ಮ ಮನೆಯವರ ನಂಬರು ಬಂದು, ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಮನುಷ್ಯ ಕುರಿಮಾಂಸದ ತಟ್ಟೆ ಎರಡೂ ಕೈಯಲ್ಲಿ ಹಿಡಿದು ವೇದಿಕೆಯ ಮೇಲೆ ನಿಂತಿದ್ದರಲ್ಲ! ನೀನು ಓಡಿ ಬಂದು ಅದನ್ನು ಇಸಿದುಕೊಂಡು ಅವರ ಮಾನ ಉಳಿಸಿದೆ. ಅಂಥವಳ ಮಾನವನ್ನು ನಾನು ಅದೇ ಹಾಲ್‌ನಲ್ಲಿ ಕಳೆದೆ.

ಟ್ರೆವರ್ ಮಾಮಾ ಗಿಟಾರ್ ಹಿಡಿದು ನಿಂತರು. ಹೊಸ ಹಾಡು, ನಾನೇ ಕಟ್ಟಿದ್ದು ಎಂದರಂತೆ. ನನಗೆ ತಿಳಿದದ್ದು ಹೆಸರೊಂದೇ. ಐರಿಸ್. ಪ್ರತಿ ನುಡಿಯ ಕೊನೆಗೂ ಐರಿಸ್. ಅವರ ಧ್ವನಿ ಯಾವತ್ತೂ ಅಷ್ಟು ಮೆತ್ತಗೆ ಇದ್ದದ್ದನ್ನು ನಾನು ಕೇಳಿಲ್ಲ. ತಿರುಗಿ ನಿನ್ನನ್ನು ನೋಡಿದೆ. ನೀನು ತಲೆ ತಗ್ಗಿಸಿ ಮಡಿಲಲ್ಲಿದ್ದ ಲಾಟರಿ ಚೀಟಿ ನೋಡುತ್ತಿದ್ದೆ. ಕಿವಿ ಕೆಂಪಾಗಿತ್ತು. ಅಯ್ಯೋ ನನ್ನವ್ವ, ಈ ವಯಸ್ಸಿನಲ್ಲೂ ಎಷ್ಟು ನಾಚಿಕೊಂಡಿದ್ದಾಳೆ ಅಂದುಕೊಂಡೆ! ಐರಿಸ್ ನಿನ್ನ ತವರಿನ ಹೆಸರು, ಮಾಮಾ ಒಡಪು ಹೇಳುತ್ತಿದ್ದಾರೆ, ಈ ಜನ ಹೋ ಎಂದು ಕೂಗುವುದು ಬಿಟ್ಟು ಚಹಾದ ಕಪ್ಪಿನೊಳಗೆ ಯಾಕೆ ಇಣುಕುತ್ತಿದ್ದಾರೆ ಎಂದು ನನಗೆ ಸಿಟ್ಟೇ ಬಂತು.

ಹಾಡು ಮುಗಿಯಿತು. ಚಪ್ಪಾಳೆ ಅರ್ಧಂಬರ್ಧ. ನಾನು ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಎದ್ದೆ. ನಮ್ಮ ಮನೆಯವರು ಸೆರಗು ಜಗ್ಗಿದರು. "ಏ, ಎಲ್ಲಿ ಹೊಂಟಿ? ಕುಂದ್ರ." ರಚನಾ ಎದುರು ಬೆಂಚಿನಿಂದ ಕೈ ಬೀಸಿದಳು. "ಅತ್ತೆ, ಬೇಡ, ಕೂತ್ಕೊಳ್ಳಿ, ಪ್ಲೀಸ್ ಅತ್ತೆ!" ನಾನು ಕೇಳುವವಳೇ? ನೇರ ಬಂದು ನಿನ್ನ ಗಲ್ಲ ಎತ್ತಿ ಹಿಡಿದು, ಹಣೆಯ ತುಂಬ ಕುಂಕುಮ ಇಟ್ಟು, ನನಗೆ ಬರುವ ಅಷ್ಟೂ ಇಂಗ್ಲೀಷನ್ನು ಒಟ್ಟು ಮಾಡಿ, ಹಾಲ್‌ನ ಕೊನೆಯವರಿಗೂ ಕೇಳುವಂತೆ ಕೂಗಿದೆ. "ಐರಿಸ್! ವೆರಿ ಗುಡ್ ಹಸ್ಬೆಂಡ್! ವೆರಿ ಗುಡ್ ಸಾಂಗ್!"

ಆಮೇಲಿನದು ನಿನಗೆ ಗೊತ್ತು. ನೀನು ಹಣೆ ಒರೆಸಿಕೊಳ್ಳಲಿಲ್ಲ. ಕೋಟು ತೆಗೆದುಕೊಂಡು ಹಾಗೇ ಹೊರಗೆ ನಡೆದೆ. ಅದುವರೆಗೆ ಇದು ಬರೀ ಹಾಡು ಎಂದು ನಟಿಸುತ್ತಿದ್ದ ಎಂಬತ್ತು ಜನಕ್ಕೆ ನಟಿಸುವ ದಾರಿಯೇ ಉಳಿಯಲಿಲ್ಲ. ಒಂದು ಬದಿಯವರು, ಹೆಂಡತಿ ಎದುರಿಗೆ ಕೂತಿರುವಾಗ ಇನ್ನೊಬ್ಬಳ ಹೆಸರಿನ ಪ್ರೀತಿ ಹಾಡು ಹಾಡುವುದು ಸಲ್ಲದು ಅಂದರಂತೆ. ಇನ್ನೊಂದು ಬದಿಯವರು, ಹಳೆಯ ಪ್ರೀತಿ ತೆಗೆದುಹಾಕಿದರೆ ಕಂಟ್ರಿ ಮ್ಯೂಸಿಕ್‌ನಲ್ಲಿ ಉಳಿಯುವುದು ನಾಯಿಯೂ ರೈಲೂ ಮಾತ್ರ ಅಂದರಂತೆ. ಈಗ ಹಾಲ್ ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ಮುಂದಿನ ಶನಿವಾರ ತೀರ್ಮಾನವಾಗುವವರೆಗೆ ಆ ಹಾಡು ಬೇಡ ಎಂದು.

ಮನೆಗೆ ಬಂದ ಮೇಲೆ ರಚನಾ ನನಗೆ ಹಾಡಿನ ಅರ್ಥ ಬಿಡಿಸಿ ಹೇಳಿದಳು. ಕುರಿಯ ಉಣ್ಣೆ ಕತ್ತರಿಸುವ ತಂಡದಲ್ಲಿ ಹತ್ತೊಂಬತ್ತರ ಹುಡುಗ, ಅಡುಗೆಗೆ ಬರುತ್ತಿದ್ದ ಐರಿಸ್ ಎಂಬ ಹುಡುಗಿ, ಒಂದೇ ತಗಡಿನ ಲೋಟದಲ್ಲಿ ಇಬ್ಬರೂ ಕುಡಿದ ಚಹಾ, ಅವಳು ಇನ್ನೊಬ್ಬನ ಜೊತೆ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ್ದು. ಕೊನೆಯ ನುಡಿಯಲ್ಲಿ ಅವಳು ಮಣ್ಣು ಸೇರಿದ್ದಾಳೆ. ಆಮೇಲೆ ರಚನಾ, ಕಾರು ನಿಲ್ಲಿಸುವ ಜಾಗದಲ್ಲಿ ನೀನು ಅವಳೊಬ್ಬಳಿಗೆ ಹೇಳಿದ ಮಾತನ್ನೂ ಹೇಳಿದಳು. "ಐರಿಸ್ ವಿಷಯ ನನಗೆ ಮದುವೆಗೆ ಮೊದಲೇ ಗೊತ್ತು. ಅವಳು ಸತ್ತದ್ದು ಗೊತ್ತಿರಲಿಲ್ಲ. ಅದನ್ನು ನನ್ನ ಗಂಡ ನನಗೆ ಮೈಕಿನಲ್ಲಿ ಹೇಳಿದ."

ಅಕ್ಕಾ, ಆ ಮಾತು ನನಗೆ ನಾಟಿತು. ಒಬ್ಬ ಮುದುಕ ಹರೆಯದ ಹುಡುಗಿಯನ್ನು ನೆನೆದರೆ ನೀನು ಹೊಟ್ಟೆ ಉರಿದುಕೊಳ್ಳುವವಳಲ್ಲ. ಅಡುಗೆಮನೆಯಲ್ಲಿ ನಿನಗೊಬ್ಬಳಿಗೆ ಹೇಳಬೇಕಾದ ಸುದ್ದಿಯನ್ನು ಎಂಬತ್ತು ಜನರ ಸಾಲಿನಲ್ಲಿ ಕೂತು ನೀನು ಕೇಳಿದೆ. ಅದರ ಮೇಲೆ ನಾನು ಬಂದು ಸತ್ತವಳ ಹೆಸರಿಟ್ಟು ನಿನ್ನ ಹಣೆಗೆ ಕುಂಕುಮ ಹಚ್ಚಿದೆ. ಬೇರೆ ಯಾರಾದರೂ ಆಗಿದ್ದರೆ ನನ್ನ ಕೈ ತಳ್ಳುತ್ತಿದ್ದರು. ನೀನು ತಳ್ಳಲಿಲ್ಲ. ತಪ್ಪಾಯಿತು ಅಕ್ಕಾ. ಕಾಲು ಮುಟ್ಟಿ ಕೇಳುತ್ತೇನೆ. ಕಾಲು ಮುಟ್ಟಿದರೆ ನೀನು ಹಿಂದೆ ಸರಿಯುತ್ತೀ, ಅದಕ್ಕೆ ಕಾಗದದಲ್ಲೇ ಮುಟ್ಟಿದೆ ಎಂದು ತಿಳಿ.

ಗುರುವಾರ ಮಧ್ಯಾಹ್ನ ಮಾಮಾ ನಮ್ಮ ಹಿಂಬಾಗಿಲಿಗೆ ಬಂದಿದ್ದರು. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ರಚನಾ ಅವತ್ತು ಜ್ವರ ಎಂದು ಮನೆಯಲ್ಲಿದ್ದಳು, ಕಂಬಳಿ ಹೊದ್ದುಕೊಂಡು ಬಂದು ನಡುವೆ ಕೂತಳು. ಮಾಮಾ ಇಂಗ್ಲೀಷಿನಲ್ಲಿ ಹೇಳಿದ್ದನ್ನು ಅವಳು ತನ್ನ ಬೆಂಗಳೂರು ಕನ್ನಡಕ್ಕೆ ತಿರುಗಿಸುತ್ತಾ ಹೋದಳು. "ಏಪ್ರಿಲ್‌ನಲ್ಲಿ ಐರಿಸ್ ತಮ್ಮನಿಂದ ಕಾಗದ ಬಂತಂತೆ ಅತ್ತೆ. ಓದ್ಬಿಟ್ಟು ಗಿಟಾರ್ ಪೆಟ್ಟಿಗೇಲಿ ಇಟ್ರಂತೆ. ನೋಲೀನ್‌ಗೆ ದಿನಾ ಹೇಳ್ಬೇಕು ಅನ್ಕೊಳ್ತಿದ್ರಂತೆ, ಬಾಯೇ ಬರ್ಲಿಲ್ವಂತೆ. ಹಾಡು ಮಾತ್ರ ಬಂತಂತೆ."

ನಾನು ಬಿಡಲಿಲ್ಲ. "ಬಾಯಿ ಬರಲಿಲ್ಲಂದ್ರ ಆ ಕಾಗದಾನರ ಅಕಿ ಕೈಯಾಗ ಇಡಬೇಕಿತ್ತಲ್ರೀ ಮಾಮಾ! ಅಕಿಗೆ ಓದಾಕ ಬರ್ತೈತಿ. ಹೋಗ್ಲಿ, ಹಾಡಿನ್ಯಾಗ ಆ ಹೆಸರರ ಬದಲ ಮಾಡಾಕ ಬರತಿರಲಿಲ್ಲೇನು?"

ಬದಲಾಯಿಸಿ ನೋಡಿದರಂತೆ. ಬೇರೆ ಯಾವ ಹೆಸರೂ ರಾಗಕ್ಕೆ ಕೂರಲಿಲ್ಲವಂತೆ. "ನೋಲೀನ್ ಅಂತ ಹಾಕಿ ನೋಡ್ರಿ" ಅಂದೆ. ಮಾಮಾ ತಲೆ ಅಲ್ಲಾಡಿಸಿದರು. ಅವರು ಅಂದದ್ದನ್ನು ರಚನಾ ತಿರುಗಿಸಿ ಹೇಳಿದಳು. "ಅದು ಕೂಗೋ ಹೆಸರಂತೆ ಅತ್ತೆ. ಅದನ್ನ ಹಾಡಿ ಅಭ್ಯಾಸ ಇಲ್ವಂತೆ. ಕೂಗಿದ್ರೆ ಯಾರಾದ್ರೂ ಓಗೊಡ್ಬೇಕು ಅಂತಾರೆ. ಒಂಬತ್ತು... ಅಲ್ಲ, ಐದು ದಿನದಿಂದ ಗ್ಯಾರೇಜಲ್ಲಿ ಕೂಗೋ ಧೈರ್ಯ ಬಂದಿಲ್ವಂತೆ." ಜ್ವರದಲ್ಲಿ ಲೆಕ್ಕ ತಪ್ಪಿದ ಸೊಸೆಗೂ ಕಣ್ಣು ಒದ್ದೆಯಾಗಿತ್ತು. ನಾನು ಮಾಮಾಗೆ ಚಕ್ಕುಲಿ ಕೊಟ್ಟೆ. ಅತ್ತುಕೊಂಡು ಚಕ್ಕುಲಿ ತಿನ್ನುವುದು ಕಷ್ಟ, ಆದ್ದರಿಂದ ಅವರು ಅಳು ನಿಲ್ಲಿಸಿದರು.

ಅವರು ಹೋದ ಮೇಲೆ ಕುಳಿತು ಯೋಚಿಸಿದೆ. ಒಡಪು ನಮ್ಮಲ್ಲಿ ಯಾಕೆ ಹುಟ್ಟಿತು? ಮನೆಯಲ್ಲಿ ದಿನಾ ಹೇಳಲಾಗದ ಹೆಸರಿಗೆ ಒಂದು ಜಾಗ ಬೇಕಲ್ಲ, ಅದಕ್ಕೆ. ಮೂವತ್ತಮೂರು ವರ್ಷದಲ್ಲಿ ನಮ್ಮ ಮನೆಯವರು ನನ್ನನ್ನು ಹೆಸರು ಹಿಡಿದು ಕರೆದದ್ದು ಆ ಹೊಸಿಲ ಮೇಲೆ ಒಂದೇ ಸಲ. ಆಮೇಲೆಲ್ಲ "ಏ", "ಕೇಳಿದೇನು", "ಕಲ್ಲೇಶನ ಅವ್ವ". ಈ ಮನೆಗೆ ಬಂದ ದಿನದಿಂದ ನಾನು ನಿನ್ನ ಬಗ್ಗೆ ಒಳಗೊಳಗೇ ಒಂದು ಅಸೂಯೆ ಪಟ್ಟಿದ್ದೇನೆ, ಈಗ ಹೇಳಿಬಿಡುತ್ತೇನೆ. ದಿನಕ್ಕೆ ನಲವತ್ತು ಸಲ ನಿನ್ನ ಹೆಸರು ಕೇಳಿಸುತ್ತಿತ್ತಲ್ಲ, ಅದಕ್ಕೆ. ಕನ್ನಡಕಕ್ಕೆ, ಪೈಪಿಗೆ, ಕಾಮನಬಿಲ್ಲಿಗೆ. ಐರಿಸ್‌ಗೆ ಸಿಕ್ಕದ್ದು ಒಂದು ಹಾಡು. ಪಾಪ, ಅವಳನ್ನು ಕೂಗಿದರೆ ಓಗೊಡುವವರು ಇಲ್ಲ. ನಿನ್ನ ಹೆಸರು ಮಾತ್ರ ಕೂಗಿ ಕೂಗಿ ಸವೆದಿದೆ, ನಮ್ಮ ಅಡುಗೆಮನೆಯ ಲಟ್ಟಣಿಗೆಯ ಹಿಡಿಯ ಹಾಗೆ.

ಹೀಗೆಂದು ಮಾಮಾ ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ನೀನು ಇನ್ನೂ ಎರಡು ದಿನ ಗ್ಯಾರೇಜಿನಲ್ಲಿ ಮಲಗಿಸಿದರೂ ನನ್ನ ಒಪ್ಪಿಗೆ ಇದೆ, ಕಂಬಳಿ ಇನ್ನೊಂದು ಕೊಡುತ್ತೇನೆ. ಆ ಹಾಡು ಇನ್ನು ಹಾಡಬೇಕೋ ಬೇಡವೋ ಎನ್ನುವುದು ಕ್ಲಬ್ಬಿನವರು ಕೈ ಎತ್ತಿ ಹೇಳುವ ಮಾತಲ್ಲ, ಅದು ನಿನ್ನ ಮಾತು. ನನ್ನನ್ನು ಕೇಳಿದರೆ, ಮೊದಲು ಮಾಮಾ ಅದನ್ನು ಅಡುಗೆಮನೆಯಲ್ಲಿ ನಿನ್ನೊಬ್ಬಳ ಮುಂದೆ ಹಾಡಲಿ, ಆ ಕಾಗದವನ್ನೂ ಮೇಜಿನ ಮೇಲಿಡಲಿ. ನೀನು ಅಳುವುದಾದರೆ ಅಳು, ಬೈಯುವುದಾದರೆ ಬೈ. ಆಮೇಲೂ ನಿನಗೆ ಬೇಡವೆನಿಸಿದರೆ ಹಾಡು ಗಿಟಾರ್ ಪೆಟ್ಟಿಗೆಯಲ್ಲೇ ಇರಲಿ.

ನನ್ನ ತಪ್ಪಿಗೆ ದಂಡ ನಾನೇ ಹಾಕಿಕೊಂಡಿದ್ದೇನೆ. ಹಾಲ್ ತುಂಬ ಜನರ ಮುಂದೆ ತಪ್ಪು ಹೆಸರು ಕೂಗಿದವಳು, ಅದೇ ಜನರ ಮುಂದೆ ಸರಿಯಾದ ಹೆಸರು ಹೇಳಬೇಕು. ಬರುವ ಶನಿವಾರ ಮೈಕಿನ ಮುಂದೆ ನಿಂತು ನನ್ನ ಗಂಡನ ಹೆಸರಿನ ಒಡಪು ಹೇಳುತ್ತೇನೆ. ನಿನ್ನೆ ಬಟ್ಟೆ ಒಗೆಯುವಾಗ ಕಟ್ಟಿದೆ.

ಹಿತ್ತಲ ಹಗ್ಗದ ಮ್ಯಾಲೆ ಒಣಗ್ಯಾವ ಬಿಳಿ ಅಂಗಿ,
ನಾಗಪ್ಪನವರ ಹೆಸರ ಹೇಳತೀನಿ ನಾನು ಗಂಗಿ.

ಇದನ್ನು ಅವರಿಗೆ ಓದಿ ಹೇಳಿದೆ. ಅವರು ಚಹಾ ಕೆಳಗಿಟ್ಟು, "ನನಗ ಶನಿವಾರ ಮೈಯಾಗ ಆರಾಮ ಇರೂದಿಲ್ಲ" ಎಂದರು. ಇವತ್ತು ಸೋಮವಾರ! ಐದು ದಿನ ಮೊದಲೇ ಕಾಯಿಲೆ ಗೊತ್ತುಮಾಡಿಕೊಂಡ ಮನುಷ್ಯನನ್ನು ನೀನು ನೋಡಿದ್ದೀಯಾ? ಆದರೆ ಬಿಳಿ ಅಂಗಿಯನ್ನು ಇಸ್ತ್ರಿಗೆ ತೆಗೆದಿಟ್ಟಿದ್ದಾರೆ. ನಾನು ನೋಡಿಯೂ ನೋಡದ ಹಾಗೆ ಇದ್ದೇನೆ.

ನಾನು ಮೈಕಿನ ಮುಂದೆ ನಿಂತಾಗ ಮುಂದಿನ ಸಾಲಿನಲ್ಲಿ ನೀನು ಇರಬೇಕು. ಹೋ ಎಂದು ಕೂಗಲು ನನಗೆ ಯಾರಿದ್ದಾರೆ? ಆ ಜನ ಚಪ್ಪಾಳೆ ತಟ್ಟುತ್ತಾರೆ, ಒಡಪಿಗೆ ಚಪ್ಪಾಳೆ ಸಾಲದು.

ಶಿವ ನಿನ್ನ ಮೊಣಕಾಲಿನ ನೋವು ಕಡಿಮೆ ಮಾಡಲಿ. ನಿನ್ನ ಗಿಡ ಶ್ರಾವಣ ಮುಗಿಯುವವರೆಗೂ ಹೂ ಬಿಡಲಿ. ನಿನ್ನ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಎರಡು ಕಪ್ ಚಹಾ ಯಾವತ್ತೂ ತಪ್ಪದಿರಲಿ.

ನಿನ್ನ ಹೂವಿನ ಋಣದವಳು,
ಗಂಗವ್ವ

ತಾ.ಕ.: ಉತ್ತರವನ್ನು ರಚನಾಳ ಕೈಗೆ ಕೊಡಬೇಡ. ಅವಳಿಗೆ ಹೇಳಿದ್ದೇನೆ, ಓದಿ ಮುಗಿಸಿ ಬರಿಗೈಲಿ ಬರಬೇಕೆಂದು. ಒಂದು ಸಾಲಿದ್ದರೂ ಸಾಕು, ಖಾಲಿ ಐಸ್‌ಕ್ರೀಮ್ ಡಬ್ಬಿಯಾದರೂ ಸಾಕು, ಅದನ್ನು ತಲುಪಿಸಲು ಟ್ರೆವರ್ ಮಾಮಾನನ್ನೇ ಕಳಿಸು. ಗ್ಯಾರೇಜಿನ ಬಾಗಿಲು ತಟ್ಟಿದರೆ ಅವರಿಗೆ ಕೇಳಿಸುವುದಿಲ್ಲ, ನಿನಗೇ ಗೊತ್ತು. ಮೆಟ್ಟಿಲ ಮೇಲೆ ನಿಂತು ಹೆಸರು ಹಿಡಿದು ಜೋರಾಗಿ ಕೂಗಬೇಕು. ನಾನು ಬಟ್ಟೆ ತೆಗೆಯುವ ನೆಪದಲ್ಲಿ ಹಗ್ಗದ ಹತ್ತಿರ ನಿಂತಿರುತ್ತೇನೆ.